ಶ್ರಾವ್ಯಾಳ ಸೊಂಟದ ತಾಯ್ತ

ನೋಡಿ ಮಾರಾಯ್ರೇ, ಬ್ಯಾಂಕ್ ಲೂಟಿ ಮಾಡಿದವನಿಗೆ ನೀವು ಥಿಯೇಟರಲ್ಲಿ ಸೀಟಿ ಹೊಡೀತೀರಿ. ಮೂರು ತಿಂಗಳ ಮಗುವಿನ ಸೊಂಟದ ತಾಯ್ತದಿಂದ, ಅಜ್ಜಿ ಬಾಗಿಲಲ್ಲಿ ಕೂತಿರುವಾಗಲೇ, ಅಮ್ಮ ಒಲೆ ಮುಂದೆ ನಿಂತಿರುವಾಗಲೇ, ಒಣಗಿದ ಹೊಕ್ಕಳಬಳ್ಳಿಯ ತುಣುಕು ಹಾರಿಸಿದವನಿಗೆ ಎಂತ ಮಾಡ್ತೀರಿ?

ಹೊಡೀರಿ, ಹೊಡೀರಿ. ನಾಚಿಕೆ ಬೇಡ.

ನಾನು ಸುಕೇಶ್. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮಾಳಿಗೆ ಮೇಲೆ ನನ್ನ ದೊಡ್ಡಮ್ಮ ಅಕ್ಕು ಒಂದು ಡಿಟೆಕ್ಟಿವ್ ಆಫೀಸು ನಡೆಸ್ತಾರೆ. ಅದರ ಇಡೀ ಸ್ಟಾಫ್ ಅಂದ್ರೆ ನಾನೇ. ಸೋಪಿನ ಜಾಹೀರಾತಿಗೆ ಮಗು ಹುಡುಕುವ ಫೋಟೋಗ್ರಾಫರ್ ವೇಷದಲ್ಲಿ ಹೋಗಿದ್ದೆ. ಎಡಗೈಯಲ್ಲಿ ಗಿಲಕಿ, ಬಲಗೈಯಲ್ಲಿ ಜಾದೂ. ಗಿಲಕಿ ಒಮ್ಮೆ ಅಲ್ಲಾಡಿ ನಿಲ್ಲುವುದರೊಳಗೆ ಮುಚ್ಚಳ ತೆಗೆದೆ, ತುಣುಕು ಜೇಬಿಗೆ, ಮುಚ್ಚಳ ವಾಪಸ್. ಮಗು ನನ್ನನ್ನು ನೋಡಿ ನಕ್ಕಿತು. ಹಿಂದೆ ಮ್ಯೂಸಿಕ್ ಒಂದು ಇರಲಿಲ್ಲ, ಅಷ್ಟೇ ಕೊರತೆ.

ಇವತ್ತು ಬೆಳಿಗ್ಗೆ ಲ್ಯಾಬಿನಿಂದ ಮೆಸೇಜ್ ಬಂತು. ಒಂದೇ ಸಾಲು: ತಂದೆ-ಮಗು ಸಂಬಂಧ ಇಲ್ಲ.

ಅದನ್ನು ಹೇಳಲಿಕ್ಕೆ ನಾನು ಗೋರೆಗಾಂವ್‌ನ ಸ್ಟುಡಿಯೋಗೆ ಬಂದಿದ್ದೆ. ನಮ್ಮ ಕ್ಲೈಂಟ್ ಶಿವಪುತ್ರ ಅಲ್ಲಿ ಪ್ಲೈವುಡ್ಡಿನಿಂದ ಒಂದು ಕೋರ್ಟ್ ಎಬ್ಬಿಸ್ತಾ ಇದ್ದ. ಸೆಟ್ಟಿಗೆ ಗೋಡೆ ನಿಲ್ಲಿಸುವುದೇ ಅವನ ಕೆಲಸ. ಎದುರಿನಿಂದ ನೋಡಿದರೆ ಕಲ್ಲಿನ ಗೋಡೆ, ಹಿಂದೆ ಹೋದರೆ ಬರೀ ಬಿದಿರು, ಮೊಳೆ.

ನನ್ನನ್ನು ಕಂಡದ್ದೇ ಅವನ ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ಏನ್ ಬಂತೋ ತಮ್ಮಾ?"

ಲೋಕಲ್‌ನಲ್ಲಿ ನಿಂತುಕೊಂಡು ಪ್ರಾಕ್ಟೀಸ್ ಮಾಡಿಕೊಂಡು ಬಂದಿದ್ದೆ. ಎದುರಿಗೇ ಜಡ್ಜ್ ಕುರ್ಚಿ ಖಾಲಿ ಇತ್ತು. ಬಿಡ್ತೇನಾ? ಹತ್ತಿ ಕೂತೆ.

"ಶಿವಪುತ್ರಣ್ಣ, ಮನುಷ್ಯ ಸುಳ್ಳು ಹೇಳ್ತಾನೆ. ಕಣ್ಣು ಸುಳ್ಳು ಹೇಳ್ತದೆ. ಆದರೆ ರಕ್ತ..."

"ಲೇ, ಇಳಿ ಕೆಳಗ. ಹೌದೋ ಅಲ್ಲೋ?"

"ಅಲ್ಲ."

ಡೈಲಾಗ್ ಅರ್ಧಕ್ಕೇ ಕಟ್.

ಅವನು ಗೋಡೆಗೆ ಅರ್ಧ ಹೊಡೆದಿದ್ದ ಮೊಳೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ. "ಹಂಗಾರ ಶರಣು?" ಅಂದ.

ಶರಣು ಅಂದ್ರೆ ಅವರ ಚಾಳಿನ ಕೆಳಗೆ ಮೊಬೈಲ್ ರಿಪೇರಿ ಮಾಡುವ ಹುಡುಗ. ಅವನದ್ದು ಬೆಕ್ಕಿನ ಕಣ್ಣು. ಶಿವಪುತ್ರನ ಮಗಳು ಶ್ರಾವ್ಯಾಳದ್ದೂ ಬೆಕ್ಕಿನ ಕಣ್ಣು. ಇಡೀ ಅನುಮಾನ ಹುಟ್ಟಿದ್ದೇ ಅಲ್ಲಿ.

"ಶರಣು ಅಲ್ಲ ಅಣ್ಣ. ಅವನನ್ನು ನಾಲ್ಕು ದಿನ ಫಾಲೋ ಮಾಡಿದೆ. ಹೋಟೆಲ್ ಬೇಸಿನ್ನಿನಲ್ಲಿ ಕಣ್ಣು ತೆಗೆದು ತೊಳೀತಾ ಇದ್ದ. ಲೆನ್ಸು! ಸೀರಿಯಲ್ಲಿಗೆ ಆಡಿಷನ್ ಕೊಡ್ಲಿಕ್ಕೆ ಹಾಕಿಕೊಳ್ತಾನಂತೆ. ಒಳಗೆ ನಮ್ಮ ಹಾಗೆ ಕರಿ ಕಣ್ಣು."

"ಮತ್ಯಾರು?"

"ಅದು... ತನಿಖೆ ನಡೀತಾ ಉಂಟು."

ಶಿವಪುತ್ರ ಸುತ್ತಿಗೆಯನ್ನು ಮೆಲ್ಲ ಕೆಳಗಿಟ್ಟ. ಕೈ ಒರೆಸಿಕೊಂಡ. ಸೆಟ್ಟಿನ ಬಾಗಿಲಿಂದ ಹೊರಗೆ ನಡೆದ. ಅವನು ಸುತ್ತಿಗೆ ಹಿಡಿದುಕೊಂಡು ಹೋಗಿದ್ರೆ ನನಗೆ ಇಷ್ಟು ಹೆದರಿಕೆ ಆಗ್ತಿರಲಿಲ್ಲ. ಸಂಜೆ ಕೆಲಸಕ್ಕೆ ವಾಪಸ್ ಬರುವವನ ಹಾಗೆ ಇಟ್ಟು ಹೋಗಲಿಲ್ಲ ಅವನು.

ಓಡಿದೆ. ಸ್ಟೇಷನ್ನಿಗೆ ತಲುಪುವಾಗ ಅವನ ಲೋಕಲ್ ಹೊರಟಾಗಿತ್ತು. ಮುಂದಿನದು ಲೇಟು. ಯಾಕೆ ಲೇಟು ಅಂತ ಅನೌನ್ಸ್‌ಮೆಂಟಿನವಳು ಮೂರು ಭಾಷೆಯಲ್ಲಿ ಕ್ಷಮೆ ಕೇಳಿದಳು, ಒಂದರಲ್ಲೂ ಕಾರಣ ಹೇಳಲಿಲ್ಲ.

ಹೇಗೋ ಹಾರ್ಬರ್ ಲೈನಿನ ಗಾಡಿ ಹತ್ತಿದೆ. ಒಬ್ಬನ ಟಿಫಿನ್ ಡಬ್ಬಿ ನನ್ನ ಪಕ್ಕೆಲುಬಿಗೆ, ಇನ್ನೊಬ್ಬನ ಮೊಣಕೈ ನನ್ನ ಕುತ್ತಿಗೆಗೆ. ಆಗಲೇ ಫೋನು. ದೊಡ್ಡಮ್ಮ.

"ಎಲ್ಲಿದ್ದಿ?"

"ಬಾಂದ್ರಾ ದಾಟಿದೆ. ದೊಡ್ಡಮ್ಮ, ಕೇಸ್ ಕ್ಲೋಸ್! ಶಿವಪುತ್ರಣ್ಣನಿಗೆ ಹೇಳಿ ಆಯ್ತು."

ಆ ಕಡೆ ಕೆಳಗಿನ ಹೋಟೆಲಿನಲ್ಲಿ ಯಾರೋ "ಏಕ್ ಮಸಾಲಾ, ಏಕ್ ಸಾದಾ" ಅಂತ ಕೂಗಿದ್ದು ಕೇಳಿಸಿತು.

"ಹೇಳಿದ್ಯಾ?"

"ಹೇಳಿದೆ."

"ಮೂರ್ಖ. ನಾನು ಬರುವವರೆಗೆ ಬಾಯಿ ಬಿಡಬೇಡ ಅಂದಿದ್ದೆನೋ ಇಲ್ವೋ? ಲ್ಯಾಬಿನವರು ಬೆಳಿಗ್ಗೆಯಿಂದ ನಿನಗೆ ಫೋನ್ ಮಾಡ್ತಾ ಇದ್ದಾರೆ. ಕಟ್ ಮಾಡ್ತಾ ಇದ್ದಿಯಂತೆ."

"ಅದು ಲ್ಯಾಬಾ? ನಾನು ಲೋನ್ ಕೊಡುವವರು ಅಂತ..."

"ಇಟ್ಟುಬಿಡು. ನಾನು ಟ್ಯಾಕ್ಸಿ ಹಿಡಿದು ವಡಾಲಕ್ಕೆ ಬರ್ತೇನೆ. ಅವನು ಹೆಂಡತಿಯ ಮೇಲೆ ಕೈ ಮಾಡದ ಹಾಗೆ ನೋಡಿಕೋ. ಅಷ್ಟಾದರೂ ಮಾಡು."

ದೊಡ್ಡಮ್ಮನಿಗೆ ಈ ಟೆಸ್ಟೇ ಬೇಡ ಇತ್ತು. ಶಿವಪುತ್ರ ಮೊದಲ ದಿನ ಆಫೀಸಿಗೆ ಬಂದು ಬೆಂಚಿನ ತುದಿಯಲ್ಲಿ ಕೂತಾಗಲೇ ಕೇಳಿದ್ರು. "ಹೌದು ಅಂತ ಬಂದರೆ ಹೆಂಡತಿ ಮುಖ ಹೇಗೆ ನೋಡ್ತಿ? ಅಲ್ಲ ಅಂತ ಬಂದರೆ ಮಗುವಿನ ಮುಖ ಹೇಗೆ ನೋಡ್ತಿ? ಎರಡಕ್ಕೂ ಉತ್ತರ ಉಂಟಾ ನಿನ್ನ ಹತ್ತಿರ?"

"ಇಲ್ರಿ ಅವ್ವಾರ. ಆದ್ರ ಈಗಂತೂ ನಾ ಯಾರ ಮುಖಾನೂ ನೋಡಾಕತ್ತಿಲ್ಲ. ಮನಿಗೆ ಬಂದು ತಿಂಗಳಾತು, ಕೂಸನ್ನ ಒಮ್ಮೆ ಎತ್ತಿಕೊಂಡಿಲ್ಲ. ಎತ್ತಾಕ ಹೋದ್ರ ಆ ಕಣ್ಣು ನೋಡ್ತಾವ. ಕೈ ಹಂಗ ಕೆಳಗ ಬರ್ತಾವ."

ಅನುಮಾನ ಅವನ ತಲೆಯೊಳಗೆ ಸುಮ್ಮನೆ ಹುಟ್ಟಿದ್ದಲ್ಲ. ಬಾಣಂತನ ಮುಗಿಸಿ ಹೆಂಡತಿ ಶೈಲಾ ತವರಿಂದ ಬಂದ ದಿನ, ಅವನ ತಾಯಿ ಮಲ್ಲಕ್ಕ ಮೊಮ್ಮಗಳನ್ನು ಬೆಳಕಿಗೆ ಹಿಡಿದು ನೋಡಿದ್ದಳು. ಮುಖದ ನಗು ಹೋಗಿತ್ತು. "ಈ ಕಣ್ಣು ನಮ್ಮ ಮನ್ಯಾಗಿಂದಲ್ಲ" ಅಂದಿದ್ದಳು. ಆಮೇಲೆ ಆ ಮಾತೇ ಎತ್ತಲಿಲ್ಲ. ಒಮ್ಮೆ ಹೇಳಿ ಬಾಯಿ ಮುಚ್ಚಿಕೊಂಡ ಮಾತು ಉಂಟಲ್ಲ, ಅದು ದಿನಾ ಹೇಳುವುದಕ್ಕಿಂತ ಜಾಸ್ತಿ ಕೊರೀತದೆ.

ಲ್ಯಾಬಿನವರು ಹತ್ತಿ ಸುತ್ತಿದ ಕಡ್ಡಿ ಕೊಟ್ಟಿದ್ರು. ಕೆನ್ನೆಯೊಳಗೆ ತಿಕ್ಕಿ ಕೊಟ್ಟರೆ ಆಯ್ತು. ಶಿವಪುತ್ರ ತನ್ನದು ತಿಕ್ಕಿ ಕೊಟ್ಟ. ಮಗುವಿನದ್ದಕ್ಕೆ ಕೈ ಮುಗಿದ. "ಅದರ ಬಾಯಾಗ ಕಡ್ಡಿ ಹಾಕಾಕ ನನ್ನ ಕಡಿಂದ ಆಗೂದಿಲ್ಲ" ಅಂದ. ಆಗ ನಾನು ತಾಯ್ತದ ಐಡಿಯಾ ಕೊಟ್ಟದ್ದು. ಮಗುವಿನ ಉಡದಾರದಲ್ಲಿ ಬೆಳ್ಳಿ ತಾಯ್ತ ಉಂಟು, ತಾಯ್ತದಲ್ಲಿ ಹೊಕ್ಕಳಬಳ್ಳಿ ಉಂಟು, ಅದರಲ್ಲೂ ಟೆಸ್ಟ್ ಮಾಡ್ತಾರಂತೆ, ಮಗುವಿಗೆ ಗೊತ್ತೂ ಆಗುವುದಿಲ್ಲ. ಬ್ರೈನು ನೋಡಿ ನನ್ನದು!

ವಡಾಲ ಸ್ಟೇಷನ್ನಿನಿಂದ ಚಾಳಿನವರೆಗೆ ಓಡಿದೆ. ಮೆಟ್ಟಿಲು ಹತ್ತುವಾಗಲೇ ಕೇಳಿಸಿತು. ಗಲಾಟೆ ಅಲ್ಲ. ಮಗು ಅಳುವುದು ಮಾತ್ರ. ಗ್ಯಾಲರಿಯಲ್ಲಿ ಅಕ್ಕಪಕ್ಕದ ಹೆಂಗಸರು ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಚುತ್ತಾ ನಿಂತಿದ್ದರು.

ಒಳಗೆ ಶೈಲಾ ಚೀಲಕ್ಕೆ ಮಗುವಿನ ಬಟ್ಟೆ ತುಂಬ್ತಾ ಇದ್ದಳು. ಮಗು ಅವಳ ಹೆಗಲ ಮೇಲೆ. ಶಿವಪುತ್ರ ಗೋಡೆಗೆ ಒರಗಿ ನಿಂತಿದ್ದ. ಮಲ್ಲಕ್ಕ ಮೂಲೆಯಲ್ಲಿ ಮೊಣಕಾಲು ಕಟ್ಟಿ ಕೂತಿದ್ದಳು.

ನನ್ನನ್ನು ನೋಡಿ ಶೈಲಾ ಕೈ ನಿಲ್ಲಿಸಿದಳು.

"ಬಾರಪಾ ಫೋಟೋದಂವಾ. ಸೋಪಿನ ಜಾಹೀರಾತು ಯಾವ ಟೀವ್ಯಾಗ ಬರ್ತದ?"



"ಅತ್ತಿಗೆ, ಅದು..."

"ಅತ್ತಿಗಿ ಅನಬ್ಯಾಡ. ಚಾ ಮಾಡಿ ಕೊಟ್ಟೇನಿ ನಿನಗ. ಕುಡದು, ಕಪ್ಪು ಇಟ್ಟು, ನನ್ನ ಕೂಸಿನ ಸೊಂಟಕ್ಕ ಕೈ ಹಾಕೀದಿ." ಆಮೇಲೆ ಗಂಡನ ಕಡೆ ತಿರುಗಿದಳು. "ನನ್ನ ಕೇಳಬೇಕಾಗಿತ್ತಲ್ಲ? ಒಂದ್ ಮಾತು. ಒಂದ ಮಾತು ಕೇಳಿದ್ದಿ ಅಂದ್ರ ನಾನ ಅದರ ಬಾಯಿ ತಗದು ಹಿಡೀತಿದ್ದೆ."

"ಕೇಳಿದ್ರ ನೀ ಹೌದು ಅಂತಿದ್ದಿ ಏನು?" ಶಿವಪುತ್ರನ ದನಿ ಒಡೆದಿತ್ತು. "ಯಾವ ಹೆಣ್ಮಗಳು ಅಂತಾಳ?"

"ಅದಕ್ಕ ಕಳ್ಳನ ಕಳಿಸಿದಿ?"

"ಕಳ್ಳ ಅಲ್ಲ, ಡಿಟೆಕ್ಟಿವ್" ಅಂದೆ ನಾನು.

"ಬಾಯ್ ಮುಚ್ಚು!" ಇಬ್ಬರೂ ಒಟ್ಟಿಗೆ. ಆ ದಿನ ಅವರಿಬ್ಬರು ಒಪ್ಪಿಕೊಂಡ ಒಂದೇ ವಿಷಯ ಅದು.

"ಶೈಲಾ, ಯಾರು ಅಂತ ಹೇಳು." ಶಿವಪುತ್ರ ಒಂದು ಹೆಜ್ಜೆ ಮುಂದೆ ಬಂದ. ನಾನು ಮಧ್ಯೆ ನುಗ್ಗಿದೆ. ಹೀರೋ ಹಾಗೆ ಅಲ್ಲ, ಲೋಕಲ್‌ನಲ್ಲಿ ಸೀಟಿಗೆ ನುಗ್ಗಿದ ಹಾಗೆ.

"ನೀನ. ನೀನ ಅದರಪ್ಪ. ಇನ್ನ ಎಷ್ಟು ಸಲ ಹೇಳ್ಲಿ? ಮಷೀನು ಅಲ್ಲ ಅಂದ್ರ ಮಷೀನು ಸುಳ್ಳು."

"ಮಷೀನು ಯಾಕ ಸುಳ್ಳು ಹೇಳ್ತದ?"

"ನಾ ಯಾಕ ಹೇಳ್ತೀನಿ?"

ಆಗ ಬಾಗಿಲಲ್ಲಿ ದೊಡ್ಡಮ್ಮ. ಬೆವರು ಸುರೀತಾ ಇತ್ತು, ಮೆಟ್ಟಿಲು ಹತ್ತಿ ಏದುಸಿರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ್ರು. ನಮಸ್ಕಾರ ಇಲ್ಲ, ಪರಿಚಯ ಇಲ್ಲ. ನೆಟ್ಟಗೆ ಒಂದು ಪ್ರಶ್ನೆ.

"ಈ ಮಗು ಗಂಡಾ ಹೆಣ್ಣಾ?"

ಎಲ್ಲರೂ ಅವರನ್ನೇ ನೋಡಿದರು. ಮಗು ಸಹ ಅಳು ನಿಲ್ಲಿಸಿತು.

"ಹೆಣ್ಣು" ಅಂದಳು ಶೈಲಾ. "ಶ್ರಾವ್ಯಾ."

"ಸುಕೇಶ ಲ್ಯಾಬಿಗೆ ಕೊಟ್ಟ ತುಣುಕು ಗಂಡಿನದ್ದು."

ಬೆಳಿಗ್ಗೆಯಿಂದ ಕಟ್ ಮಾಡಿದ ಅಷ್ಟೂ ಫೋನು ಕಿವಿಯಲ್ಲಿ ಒಟ್ಟಿಗೆ ರಿಂಗಾದ ಹಾಗಾಯ್ತು.

"ಗಂಡಾ?" ಶಿವಪುತ್ರ ತಡವರಿಸಿದ. "ಅದರ ತಾಯ್ತದಾಗ ಗಂಡಿಂದು ಹ್ಯಾಂಗ ಬರ್ತದ?"

ಮೂಲೆಯಿಂದ ಮಲ್ಲಕ್ಕ ಮಾತಾಡಿದಳು. "ಅದು ನಿಂದು."

ಯಾರಿಗೂ ಅರ್ಥ ಆಗಲಿಲ್ಲ.

"ಚೊಚ್ಚಲ ಕೂಸಿಗೆ ಅಪ್ಪನ ಹೊಕ್ಕಳ ಹುರಿ ಕಟ್ಟೂದು ನಮ್ಮ ಮನಿ ಪದ್ಧತಿ. ಹಲ್ಲು ಬರೂತನಕ. ಗಂಡಸರ ಮುಂದ ಕಟ್ಟೂದಿಲ್ಲ, ಗಂಡಸರಿಗೆ ಹೇಳೂದೂ ಇಲ್ಲ. ಕೂಸಿಂದು ತವರಾಗ ಐತಿ, ಇವರವ್ವ ಇಟ್ಟಾಳ. ಇದು ನಾ ಇಷ್ಟು ವರ್ಷ ಕಾದಿಟ್ಟಿದ್ದು. ನಿಂದು."

ಹೇಳುವಾಗ ಅವಳು ಮಗನ ಮುಖ ನೋಡಲಿಲ್ಲ. ದೊಡ್ಡಮ್ಮನ ಮುಖವನ್ನೇ ನೋಡ್ತಾ ಇದ್ದಳು. ಆಗ ಅದು ನನಗೆ ತಾಗಲಿಲ್ಲ.

ಶಿವಪುತ್ರ ಹಾಗೇ ನೆಲಕ್ಕೆ ಕೂತುಬಿಟ್ಟ. ನಗ್ತಾ ಇದ್ದಾನೋ ಅಳ್ತಾ ಇದ್ದಾನೋ ಹೇಳಲಿಕ್ಕೆ ಬರ್ತಿರಲಿಲ್ಲ. "ಅಂದ್ರ ಕೂಸಿನ ಟೆಸ್ಟ ಆಗಿಲ್ಲ?"

"ಆಗಿಲ್ಲ" ಅಂದ್ರು ದೊಡ್ಡಮ್ಮ.

"ಹಂಗಾರ ಈಗ ಆಗ್ಲಿ." ಶೈಲಾ ಚೀಲ ಕೆಳಗಿಟ್ಟಳು. ನನ್ನ ಹತ್ತಿರ ಬಂದು ಕೈ ಚಾಚಿದಳು. "ಕಡ್ಡಿ ಐತೇನು ನಿನ್ನ ಕಡೆ?"

ಇತ್ತು. ಮಗುವಿಗೆ ಅಂತ ಲ್ಯಾಬಿನವರು ಕೊಟ್ಟಿದ್ದು ಬ್ಯಾಗಿನಲ್ಲೇ ಉಳಿದಿತ್ತು. ಅವಳು ಕವರ್ ಹರಿದು ಕಡ್ಡಿಯನ್ನು ಗಂಡನ ಕೈಗೆ ತುರುಕಿದಳು. ಮಗುವನ್ನು ಅವನ ಮುಂದೆ ಹಿಡಿದಳು. ಎರಡು ಬೆರಳಲ್ಲಿ ಅದರ ಗಲ್ಲ ಒತ್ತಿ ಬಾಯಿ ತೆರೆದಳು.

"ತೊಗೊ. ನನ್ನ ಮುಂದ ತೊಗೊ. ನಿನ್ನ ಕೈಯಿಂದನ."

ಹಲ್ಲಿಲ್ಲದ ಬಾಯಿ. ಮೇಲೆ ಆ ಎರಡು ಹಸಿರು ಕಣ್ಣು, ಅಪ್ಪನನ್ನೇ ನೋಡ್ತಾ.

ಶಿವಪುತ್ರನ ಕೈಯ ಕಡ್ಡಿ ತುಟಿಯವರೆಗೆ ಬಂತು. ಮಗು ಅದನ್ನು ಮೊಲೆ ಅಂತ ತಿಳಿದು ಚೀಪಲಿಕ್ಕೆ ನಾಲಗೆ ಚಾಚಿತು.

ಅವನು ಕಡ್ಡಿಯನ್ನು ಮುರಿದ.

"ಬ್ಯಾಡ."

"ಬ್ಯಾಡ ಅಂದ್ರ ಆತೇನು?" ಶೈಲಾಳ ಸಿಟ್ಟು ಈಗ ಕಣ್ಣಿಂದ ಇಳೀತಾ ಇತ್ತು. "ನಾಳಿಗೆ ಮತ್ತ ಅದರ ಕಣ್ಣು ನೋಡಿ ಕೈ ಕೆಳಗ ಬಿಟ್ಟಿ ಅಂದ್ರ?"

ಅವನು ಎರಡೂ ಕೈ ಚಾಚಿದ. ಅವಳು ಬಹಳ ಹೊತ್ತು ಕೊಡಲಿಲ್ಲ. ಕೊಟ್ಟ ಮೇಲೂ ಚೀಲ ಬಿಚ್ಚಲಿಲ್ಲ. ಅತ್ತೆಯ ಕಡೆ ತಿರುಗಿ, "ಆ ಮಾತು ಮೊದಲ ಅಂದವ್ರು ನೀವು" ಅಂದಳು.

"ಅಂದೀನಿ" ಅಂದಳು ಮಲ್ಲಕ್ಕ. "ನಿನಗಲ್ಲ ಅಂದಿದ್ದು."

ಶೈಲಾ ಹುಬ್ಬು ಗಂಟಿಕ್ಕಿದಳು. ಶಿವಪುತ್ರ ಕೇಳಿಸಿಕೊಳ್ಳಲೇ ಇಲ್ಲ. ಅವನು ಮಗುವಿನ ಕತ್ತು ಎಲ್ಲಿ ಹಿಡಿಯಬೇಕು ಅಂತ ಒದ್ದಾಡ್ತಾ ಇದ್ದ.

ನಾನು ಮನಸ್ಸಿನಲ್ಲೇ ಪರದೆ ಎಳೆದೆ. ಶುಭಂ! ತಪ್ಪು ಮಾಡಿದೆ, ಬೈಸಿಕೊಂಡೆ, ಆದರೂ ಹ್ಯಾಪಿ ಎಂಡಿಂಗ್.

ದೊಡ್ಡಮ್ಮ ನನ್ನ ಕಾಲರ್ ಹಿಡಿದು ಗ್ಯಾಲರಿಯ ತುದಿಗೆ ಎಳೆದುಕೊಂಡು ಹೋದರು. ಹೆಂಗಸರೆಲ್ಲ ಅವರ ಮುಖ ನೋಡಿ ತಮ್ಮ ತಮ್ಮ ಖೋಲಿಗೆ ಸರಿದರು.

"ಲ್ಯಾಬಿನವಳು ಇನ್ನೊಂದು ಮಾತು ಹೇಳಿದ್ದಾಳೆ. ಅದನ್ನು ಒಳಗೆ ಹೇಳಲಿಲ್ಲ ನಾನು."

"ಇನ್ನೆಂತ ದೊಡ್ಡಮ್ಮ? ಕೇಸ್ ಕ್ಲೋಸಲ್ವಾ?"

"ತಲೆ ಓಡಿಸು. ಆ ತುಣುಕು ಶಿವಪುತ್ರನದ್ದೇ ಆದರೆ ಲ್ಯಾಬಿನವರು ಎಂತ ಹೇಳಬೇಕಿತ್ತು?"

ಓಡಿಸಿದೆ. ನಿಧಾನಕ್ಕೆ ಓಡಿತು. "ಎರಡೂ... ಒಂದೇ ಮನುಷ್ಯನದ್ದು ಅಂತ."

"ಹಾಗೆ ಹೇಳಲಿಲ್ಲ. ಇಬ್ಬರು ಬೇರೆ ಬೇರೆ ಗಂಡಸರು ಅಂದಳು. ಅಪ್ಪ-ಮಗ ಅಲ್ಲ, ಅಣ್ಣ-ತಮ್ಮ ಸಹ ಅಲ್ಲ. ಒಬ್ಬರಿಗೊಬ್ಬರಿಗೆ ಏನೇನೂ ಸಂಬಂಧ ಇಲ್ಲ."

ಒಳಗಿಂದ ಶಿವಪುತ್ರ ಮಗುವಿಗೆ "ಹಾಯಿ ಹಾಯಿ" ಅನ್ನುವುದು ಕೇಳಿಸ್ತಾ ಇತ್ತು. ರಾಗ ಗೊತ್ತಿಲ್ಲದವನ ರಾಗ.

"ಮಲ್ಲಕ್ಕ ಹೆತ್ತ ಮಗುವಿನ ಹೊಕ್ಕಳಬಳ್ಳಿ ಅದು" ಅಂದ್ರು ದೊಡ್ಡಮ್ಮ, ದನಿ ತಗ್ಗಿಸಿ. "ಒಳಗೆ ಕೂತಿರುವವನು ಆ ಮಗು ಅಲ್ಲ. ಇಲ್ಲದಿದ್ದರೆ ನೀನು ಎಲ್ಲೋ ತುಣುಕು ಬದಲಾಯಿಸಿದ್ದಿ. ಒಂದು ಸಲ, ನಿನ್ನ ಜನ್ಮದಲ್ಲಿ ಒಂದೇ ಸಲ, ಸಿನಿಮಾ ಬಿಟ್ಟು ಹೇಳು. ಅದನ್ನು ಹೇಗೆ ಕದ್ದೆ?"

ನಾನು ತಲೆ ಎತ್ತಿದೆ. ಮಲ್ಲಕ್ಕ ಹೊಸ್ತಿಲಿಗೆ ಬಂದು ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ. ನನ್ನನ್ನೇ ನೋಡ್ತಾ.

ಇನ್ನು ನಿಮಗೂ ಹೇಳಿಬಿಡ್ತೇನೆ ಮಾರಾಯ್ರೇ. ಸೀಟಿ ಹೊಡೆದಿದ್ರೆ ವಾಪಸ್ ತೆಗೆದುಕೊಳ್ಳಿ.

ನಾನು ಅದನ್ನು ಕದಿಯಲಿಲ್ಲ.

ಶೈಲಾ ಒಲೆ ಮುಂದೆ ಇರಲಿಲ್ಲ, ಕೆಳಗೆ ನಲ್ಲಿಗೆ ಹೋಗಿದ್ದಳು. ತಾಯ್ತದ ಮುಚ್ಚಳಕ್ಕೆ ಅರಗು ಮೆತ್ತಿತ್ತು. ಉಗುರು ಮುರಿಯಿತು, ಮುಚ್ಚಳ ಅಲ್ಲಾಡಲಿಲ್ಲ. ಮಗು ನಗಲೂ ಇಲ್ಲ, ನನ್ನ ಅಂಗಿ ಮೇಲೆ ಉಚ್ಚೆ ಹೊಯ್ದು ಕಿರುಚಿತು. ಓಡಿಹೋಗಲಿಕ್ಕೆ ಎದ್ದೆ. ಮಲ್ಲಕ್ಕ ಬಾಗಿಲು ಹಾಕಿ ಅಗುಳಿ ಇಟ್ಟಳು. ನನ್ನ ಕಥೆ ಮುಗೀತು ಅಂದುಕೊಂಡೆ.

ಅವಳು ಕೂಗಲಿಲ್ಲ. ತಲೆಯಿಂದ ಪಿನ್ನು ತೆಗೆದು ಅರಗು ಕೆರೆದಳು, ಮುಚ್ಚಳ ತಿರುಗಿಸಿದಳು, ಆ ಕಪ್ಪು ತುಣುಕನ್ನು ತಾನೇ ನನ್ನ ಅಂಗೈಗೆ ಹಾಕಿದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದಳು.

"ನನ್ನ ಮಗ ಕಳಿಸ್ಯಾನ ನಿನ್ನ, ಗೊತ್ತೈತಿ" ಅಂದಳು. "ಇದನ್ನ ಒಯ್ಯಿ. ನಾ ಹಡದ ಹೊಸದರಾಗ ಬಿಲ್ಡಿಂಗ್ ಕೆಲಸದ ಜಾಗಾದಾಗ ಎಲ್ಲಾ ಕೂಸುಗಳನ್ನ ಒಂದ ಶೆಡ್ಡಿನಾಗ ಸೀರಿ ಜೋಳಿಗ್ಯಾಗ ಮಲಗಿಸ್ತಿದ್ವಿ. ಶೆಡ್ಡಿಗೆ ಬೆಂಕಿ ಬಿತ್ತು. ಹೊಗ್ಯಾಗ ಕೈಗೆ ಸಿಕ್ಕ ಕೂಸನ್ನ ಎತ್ತಿಕೊಂಡು ಓಡೀನಿ. ಎಲ್ಲಾ ಕೂಸಿನ ಮುಖಾನೂ ಮಸಿ. ಹುರಿ ಮಾತ್ರ ನನ್ನ ಸೆರಗಿನ ಗಂಟಿನಾಗ ಇತ್ತು. ನನ್ನ ಬಾಜೂ ಕೆಲಸ ಮಾಡ್ತಿದ್ದ ಒಬ್ಬಾಕಿಗೆ ಇಂಥವ ಹಸರು ಕಣ್ಣಿದ್ದುವು ತಮ್ಮಾ. ಆಕಿ ಕೂಸು ಸತ್ತತಿ ಅಂತ ಅಳ್ಕೋತ ಊರಿಗೆ ಹೋದ್ಲು."

ನನಗೆ ಓಡಿಹೋದರೆ ಸಾಕಿತ್ತು; ಅವತ್ತು ಆ ಮಾತಿನ ತಲೆಬುಡ ಹತ್ತಲಿಲ್ಲ, ತುಣುಕು ಶ್ರಾವ್ಯಾಳದ್ದೇ ಅಂದುಕೊಂಡೆ. ಆಮೇಲೆ ಅವಳು ಬಾಗಿಲು ತೆಗೆದಳು.

"ನಾ ಎತ್ತಿಕೊಂಡು ಬಂದದ್ದು ಯಾರ ಕೂಸು ಅಂತ ಕೇಳ್ಕೊಂಡು ಬಾ. ಬಂದು ನನಗೊಬ್ಬಾಕಿಗೆ ಹೇಳು."